ಐಡಾ ಬಿ. ವೆಲ್ಸ್: ಮೆರವಣಿಗೆ ಸರಿ, ವಾರ್ಡಿನ ಕೆಲಸ ಹೇಗೆ ನಡೀತು?

ಪುಟತಿದ್ದು

ಮಹಿಳಾ ದಿನದ ಸಂಚಿಕೆಗೆ ಅಮೆರಿಕದ ಕಪ್ಪು ಪತ್ರಕರ್ತೆ, ಹೋರಾಟಗಾರ್ತಿ ಐಡಾ ಬಿ. ವೆಲ್ಸ್ ಬಗ್ಗೆ ನಾಲ್ಕು ಪುಟದ ಲೇಖನ ತಿದ್ದಬೇಕಾಗಿದೆ. ಕರಡಿನಲ್ಲಿ ಎರಡು ಪುಟ ಹೆಂಗಸರ ವೋಟಿಗಾಗಿ ನಡೆದ 1913ರ ವಾಷಿಂಗ್ಟನ್ ಮೆರವಣಿಗೆಗೇ ಹೋಗಿದೆ. ಷಿಕಾಗೊದಲ್ಲಿ ಆಕೆ ಕಟ್ಟಿದ ಆಲ್ಫಾ ಸಫ್ರೇಜ್ (ಅಂದ್ರೆ ಮತದಾನದ ಹಕ್ಕು) ಕ್ಲಬ್ಬಿಗೆ ಸಿಕ್ಕಿರೋದು ಒಂದೇ ವಾಕ್ಯ: ‘ಮಹಿಳೆಯರಲ್ಲಿ ಜಾಗೃತಿ ಮೂಡಿಸಿದರು.’ ಜಾಗೃತಿ ಮೂಡಿಸಿದರು ಅಂತ ಬಂದ ಕಡೆಯೆಲ್ಲ, ಅಲ್ಲಿ ಏನು ಕೆಲಸ ನಡೀತು ಅಂತ ಬರೆದವರಿಗೆ ಗೊತ್ತಿಲ್ಲ ಅಂತಲೇ ಲೆಕ್ಕ.

ಗೊತ್ತಿರೋರು ಹೇಳಿ. ಕ್ಲಬ್ಬು ವಾರವಾರ ಏನು ಮಾಡ್ತಿತ್ತು? ಷಿಕಾಗೊ ಇರೋ ಇಲಿನಾಯ್ ರಾಜ್ಯದ ಹೆಂಗಸರಿಗೆ 1913ರಲ್ಲಿ ಯಾವ ವೋಟು ಸಿಕ್ತು, ಯಾವುದು ಸಿಗಲಿಲ್ಲ? ಆಲ್ಡರ್‌ಮನ್ ಅನ್ನೋದಕ್ಕೆ ಕನ್ನಡದಲ್ಲಿ ಏನು ಹಾಕೋದು? ‘ವಿಮೆನ್ಸ್ ಕ್ಲಬ್’ ಅಂದ್ರೆ ಮಹಿಳಾ ಸಮಾಜ ಅನ್ನಬಹುದಾ?

ಕೊಡಿಯಾಲ್‌ಬೈಲ್

ಕೊನೆಯ ಪ್ರಶ್ನೆಯಿಂದ ಶುರು ಮಾಡುವ. ಮಹಿಳಾ ಸಮಾಜ ಅಂತಲೇ ಬರೆಯಿರಿ, ಏನೂ ತೊಂದರೆ ಇಲ್ಲ. ಕ್ಲಬ್ ಅಂತ ಹಾಕಿದರೆ ನಮ್ಮವರಿಗೆ ಇಸ್ಪೀಟೆಲೆ, ಟೆನಿಸ್ ಕೋರ್ಟು ನೆನಪಾಗ್ತದೆ. ಅಮೆರಿಕದ ವಿಮೆನ್ಸ್ ಕ್ಲಬ್ಬುಗಳು ಮಾಡಿದ್ದು ನಮ್ಮ ಊರಿನ ಸಮಾಜಗಳು ಮಾಡಿದ ಕೆಲಸವೇ: ಶಿಶುವಿಹಾರ, ಓದುವ ಕೋಣೆ, ಬಡ ಹುಡುಗಿಯರಿಗೆ ತಂಗುವ ಜಾಗ, ಚಂದಾ ಎತ್ತುವುದು.

ಆದರೆ ಒಂದು ಗೆರೆ ಅಲ್ಲಿ ಬೇರೆಯೇ ಉಂಟು. ಬಿಳಿಯರ ಕ್ಲಬ್ಬುಗಳ ರಾಷ್ಟ್ರೀಯ ಒಕ್ಕೂಟ ಕಪ್ಪು ಹೆಂಗಸರ ಕ್ಲಬ್ಬುಗಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. 1900ರಲ್ಲಿ ಮಿಲ್ವಾಕಿ ಸಮ್ಮೇಳನಕ್ಕೆ ಹೋದ ಬಾಸ್ಟನ್ನಿನ ಜೋಸೆಫೀನ್ ರಫಿನ್ ಅವರಿಗೆ, ಬಿಳಿಯರಿರುವ ಸಂಘದ ಪ್ರತಿನಿಧಿಯಾಗಿ ಬೇಕಾದರೆ ಕೂತುಕೊಳ್ಳಿ, ನಿಮ್ಮ ಸಂಘದ ಹೆಸರಿನಲ್ಲಿ ಬೇಡ ಅಂದರು. ಅದಕ್ಕೂ ಮೊದಲೇ, 1896ರಲ್ಲಿ, ಕಪ್ಪು ಹೆಂಗಸರ ಕ್ಲಬ್ಬುಗಳು ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡಿದ್ದವು. ಆ ವಾಷಿಂಗ್ಟನ್ ಸಭೆಗೆ ಐಡಾ ನಾಲ್ಕು ತಿಂಗಳ ಕೂಸು ಚಾರ್ಲ್ಸ್‌ನನ್ನು ಎತ್ತಿಕೊಂಡೇ ಹೋಗಿದ್ದರು. ಅದೇ ವರ್ಷ ಇಲಿನಾಯ್‌ನಲ್ಲಿ ಊರೂರು ಭಾಷಣಕ್ಕೆ ಕರೆದಾಗ ಅವರು ಹಾಕಿದ ಷರತ್ತು: ಪ್ರತಿ ಊರಿನಲ್ಲೂ ಮಗು ನೋಡಿಕೊಳ್ಳಲಿಕ್ಕೆ ಒಬ್ಬ ದಾದಿ ಬೇಕು. ಕರೆದವರು ಒಪ್ಪಿದರು. ನಿಮ್ಮ ಲೇಖನದಲ್ಲಿ ಇದಕ್ಕೆ ಎರಡು ಸಾಲು ಕೊಡಿ.

ಇನ್ನೊಂದು, ಎರಡು ಕ್ಲಬ್ಬುಗಳನ್ನು ಕಲಸಬೇಡಿ. 1893ರದ್ದು ಐಡಾ ಬಿ. ವೆಲ್ಸ್ ಕ್ಲಬ್, ಷಿಕಾಗೊದ ಕಪ್ಪು ಹೆಂಗಸರ ಮೊದಲ ಸಂಘಟಿತ ಸಮಾಜಗಳಲ್ಲಿ ಒಂದು. 1897ರಲ್ಲಿ ಬೆಥೆಲ್ ಚರ್ಚಿನಲ್ಲಿ ಶಿಶುವಿಹಾರ ತೆರೆದದ್ದು ಆ ಕ್ಲಬ್ಬು. ಆಲ್ಫಾ ಇಪ್ಪತ್ತು ವರ್ಷ ಆಮೇಲಿನದು, 1913ರ ಜನವರಿ 30ರದ್ದು. ಅದರ ಕೆಲಸ ವೋಟು ಮಾತ್ರ.

ಧಾರವಾಡಪೇಡೆ

ಮೆರವಣಿಗಿ ಬಗ್ಗೆ ಒಂದ ಮಾತು ಹೇಳಿಬಿಡ್ತೀನಿ ರೀ, ಯಾಕಂದ್ರ ಕರಡಿನೊಳಗ ತಪ್ಪಿರಬಹುದು ಅನ್ನೋ ಸಂಶಯ ಅದ. ‘ಐಡಾ ಅವರನ್ನು ಹಿಂದಕ್ಕೆ ಕಳಿಸಿದರು, ಅವರು ಹಿಂದೆ ನಡೆದರು’ ಅಂತ ಭಾಳ ಕಡೆ ಬರದಿರ್ತಾರ. ಹಿಂದ ನಡೀರಿ ಅಂತ ಹೇಳಿದ್ದು ಖರೆ. ಅವರು ನಡೀಲಿಲ್ಲ.

ಆಗಿದ್ದಿಷ್ಟು. 1913 ಮಾರ್ಚ್ 3, ಅಧ್ಯಕ್ಷ ವಿಲ್ಸನ್ ಪ್ರಮಾಣವಚನದ ಹಿಂದಿನ ದಿವಸ. ಇಲಿನಾಯ್ ತಂಡದಾಗ ಅರವತ್ತಕ್ಕೂ ಹೆಚ್ಚು ಹೆಣ್ಮಕ್ಕಳು. ತಾಲೀಮಿನ ಹೊತ್ತಿನೊಳಗ ತಂಡದ ಮುಖ್ಯಸ್ಥೆ ಗ್ರೇಸ್ ವಿಲ್ಬರ್ ಟ್ರೌಟ್ ಬಂದು, ದಕ್ಷಿಣದ ರಾಜ್ಯದವರು ಕೂಡೂದಿಲ್ಲ ಅಂತಾರ, ನಮ್ಮ ತಂಡ ಬರೀ ಬಿಳಿಯರದ್ದೇ ಇರಲಿ ಅಂತ ಸೂಚನಾ ಬಂದದ ಅಂದ್ರು. ಐಡಾ ಹೇಳಿದ್ದು, ಇಲಿನಾಯ್ ಬಾವುಟದ ಕೆಳಗ ಇಲ್ಲಾಂದ್ರ ನಾ ನಡಿಯೂದೇ ಇಲ್ಲ ಅಂತ. ಅಷ್ಟು ಹೇಳಿ ಅಲ್ಲಿಂದ ಕಾಣಸಲಾರದಂಗ ಹೋದರು. ಸಿಟ್ಟಾಗಿ ಹೋದಳು ಅಂತ ಎಲ್ಲಾರೂ ತಿಳಕೊಂಡ್ರು. ಮೆರವಣಿಗಿ ಪೆನ್ಸಿಲ್ವೇನಿಯಾ ಅವೆನ್ಯೂದಾಗ ಬರೂ ಹೊತ್ತಿಗೆ ನೋಡೂ ಮಂದಿ ನಡುವಿಂದ ಸೀದಾ ಇಳದು ಇಲಿನಾಯ್ ಸಾಲಿನೊಳಗ ಸೇರಿಕೊಂಡ್ರು. ಆಚೆ ಈಚೆ ಇಬ್ಬರು ಬಿಳಿ ಗೆಳತಿಯರು, ಬೆಲ್ ಸ್ಕ್ವಯರ್ ಮತ್ತು ವರ್ಜೀನಿಯಾ ಬ್ರೂಕ್ಸ್. ಈ ಇಬ್ಬರೂ ಆಲ್ಫಾ ಕ್ಲಬ್ಬು ಶುರು ಮಾಡೂದಕ್ಕ ಕೈಜೋಡಿಸಿದವರೇ. ಮೂವರೂ ಕೂಡಿರೋ ಚಿತ್ರ ಷಿಕಾಗೊ ಟ್ರಿಬ್ಯೂನ್‌ನಾಗ ಬಂತು.

ಇದಕ್ಕ ಅರ್ಧ ಪುಟ ಸಾಕು.

ಪುಟತಿದ್ದು

ಕರಡಿನಲ್ಲಿ ‘ಹಿಂದೆ ನಡೆದರು’ ಅಂತಲೇ ಇತ್ತು. ತೆಗೆದೆ.

ಹಳೇ ವಕೀಲ

ಇಲಿನಾಯ್ ಕಾನೂನಿನ ವಿಷಯ. ‘1913ರಲ್ಲಿ ಇಲಿನಾಯ್ ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕಿತು’ ಎಂದು ಬರೆದರೆ ಅರ್ಧ ತಪ್ಪು. ಸಿಕ್ಕಿದ್ದು ಅರ್ಧ ವೋಟು.

ರಾಜ್ಯದ 1870ರ ಸಂವಿಧಾನದಲ್ಲಿ ಮತದಾರ ಅಂದರೆ ಗಂಡಸು. ಸಂವಿಧಾನವೇ ಹೆಸರಿಸಿದ ಹುದ್ದೆಗಳಿಗೆ, ಅಂದರೆ ಗವರ್ನರ್, ಶಾಸಕರು, ಜಿಲ್ಲೆಯ ಶೆರಿಫ್ (ಪೊಲೀಸು, ಜೈಲು ನೋಡಿಕೊಳ್ಳುವ ಅಧಿಕಾರಿ) ಇಂಥವುಗಳಿಗೆ ಹೆಂಗಸರು ವೋಟು ಹಾಕಬೇಕಾದರೆ ಸಂವಿಧಾನ ತಿದ್ದಬೇಕು. ಅದಕ್ಕೆ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ, ಮೇಲೆ ಜನರ ಮತ. ಆಗುವ ಮಾತಲ್ಲ. ಆದರೆ ಶಾಸನಸಭೆ ತಾನೇ ಕಾಯಿದೆ ಮಾಡಿ ಸೃಷ್ಟಿಸಿದ ಹುದ್ದೆಗಳಿಗೆ ಯಾರು ವೋಟು ಹಾಕಬೇಕು ಅನ್ನುವುದನ್ನು ಸಾಮಾನ್ಯ ಕಾಯಿದೆಯಲ್ಲೇ ಹೇಳಬಹುದು. ಅಧ್ಯಕ್ಷರನ್ನು ಆರಿಸುವ ಎಲೆಕ್ಟರುಗಳ ವಿಚಾರವನ್ನು ಅಮೆರಿಕದ ಸಂವಿಧಾನವೇ ರಾಜ್ಯ ಶಾಸನಸಭೆಗೆ ಬಿಟ್ಟಿದೆ. ಈ ಸಂದಿಯಲ್ಲಿ ಕಾಯಿದೆ ನುಸುಳಿತು. 1891ರಲ್ಲಿ ಶಾಲಾ ಮಂಡಳಿಯ ವೋಟು ಬಂದದ್ದೂ ಇದೇ ದಾರಿಯಲ್ಲಿ.

ಪಟ್ಟಿ ಹೀಗೆ. ವೋಟು ಇತ್ತು: ಅಧ್ಯಕ್ಷೀಯ ಎಲೆಕ್ಟರು, ಸರ್ವೇಯರ್, ತೆರಿಗೆ ಅಂದಾಜು ಮಂಡಳಿ, ಒಳಚರಂಡಿ ಜಿಲ್ಲೆಯ ಟ್ರಸ್ಟಿಗಳು, ಮತ್ತು ಪೊಲೀಸ್ ಮ್ಯಾಜಿಸ್ಟ್ರೇಟರನ್ನು ಬಿಟ್ಟು ನಗರ, ಪಟ್ಟಣ, ಹಳ್ಳಿಗಳ ಎಲ್ಲ ಹುದ್ದೆ. ಇರಲಿಲ್ಲ: ಗವರ್ನರ್, ಶಾಸಕ, ಸಂಸದ, ನ್ಯಾಯಾಧೀಶ, ಶೆರಿಫ್.

ಗವರ್ನರ್ ಡನ್ ಸಹಿ ಹಾಕಿದ್ದು 1913 ಜೂನ್ 26ಕ್ಕೆ. ಕಾಯಿದೆ ಊರ್ಜಿತವಲ್ಲ ಎಂದು ಕೋರ್ಟಿಗೆ ಹೋದರು. 1914ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಪೂರ್ತಿ ವೋಟು ಬಂದದ್ದು ಅಮೆರಿಕ ಸಂವಿಧಾನದ 1920ರ 19ನೇ ತಿದ್ದುಪಡಿಯಿಂದ.

ಹೆಂಗಸರ ಮತಪತ್ರವೂ ಬೇರೆ, ಮತಪೆಟ್ಟಿಗೆಯೂ ಬೇರೆ ಇತ್ತು. ಇದನ್ನು ಬಿಡದೆ ಬರೆಯಿರಿ. ಯಾಕೆಂದರೆ ಹೆಂಗಸರು ಯಾರಿಗೆ ಎಷ್ಟು ವೋಟು ಹಾಕಿದರು ಎಂದು ಇವತ್ತು ನಾವು ಲೆಕ್ಕ ಹೇಳಬಹುದಾಗಿರುವುದೇ ಆ ಬೇರೆ ಪೆಟ್ಟಿಗೆಯಿಂದ.

ಧಾರವಾಡಪೇಡೆ

ಅರ್ಧ ವೋಟಿನೊಳಗೂ ಅಧ್ಯಕ್ಷರನ್ನ ಆರಸಬಹುದು, ಶೆರಿಫ್‌ನ್ನ ಆರಸೂ ಹಂಗಿಲ್ಲ! ಕಾನೂನು ಅಂದ್ರ ಹಿಂಗ ನೋಡ್ರಿ.

ಹಳೇ ವಕೀಲ

ಶೆರಿಫ್ ಮಾತು ಬಂತು, ಒಳ್ಳೆಯದಾಯಿತು. ಐಡಾ ಅವರ ಬದುಕಿನಲ್ಲಿ ಒಂದು ಶೆರಿಫ್ ಪ್ರಕರಣವಿದೆ. ಎಲ್ಲರೂ ಬಿಟ್ಟುಬಿಡುತ್ತಾರೆ.

1905ರಲ್ಲಿ ಇಲಿನಾಯ್ ಒಂದು ಕಾಯಿದೆ ಮಾಡಿತ್ತು. ಶೆರಿಫ್ ವಶದಲ್ಲಿದ್ದ ಕೈದಿಯನ್ನು ಗುಂಪು ಎಳೆದೊಯ್ದು ಕೊಂದರೆ, ಶೆರಿಫ್ ಕರ್ತವ್ಯ ತಪ್ಪಿದ ಎನ್ನುವುದಕ್ಕೆ ಅದೇ ಮೇಲ್ನೋಟದ ಸಾಕ್ಷಿ. ಗವರ್ನರ್ ಆ ಹುದ್ದೆ ಖಾಲಿ ಎಂದು ಘೋಷಿಸಬೇಕು. ತಪ್ಪಿಲ್ಲ ಎಂದು ತೋರಿಸುವ ಹೊರೆ ಶೆರಿಫ್ ಮೇಲೆ. 1909ರ ನವೆಂಬರಿನಲ್ಲಿ ಇಲಿನಾಯ್ ರಾಜ್ಯದ್ದೇ ಆದ ಕೈರೋ ಊರಿನಲ್ಲಿ ವಿಲ್ ಜೇಮ್ಸ್ ಎಂಬ ಕಪ್ಪು ಯುವಕನನ್ನು ಗುಂಪು ಕೊಂದಿತು. ಶೆರಿಫ್ ಫ್ರಾಂಕ್ ಡೇವಿಸ್ ಹುದ್ದೆ ಹೋಯಿತು. ಅವನು ಮರುನೇಮಕಕ್ಕೆ ಅರ್ಜಿ ಹಾಕಿದ. ಪರವಾಗಿ ಸಹಿ ಮಾಡಿದವರಲ್ಲಿ ಊರಿನ ಕಪ್ಪು ಜನರೂ ಇದ್ದರು.

ಐಡಾ ಮೊದಲು ಹೋದದ್ದು ಅವರ ಹತ್ತಿರ. ಸಭೆ ಕರೆದು, ನಡೆದದ್ದನ್ನು ಒಂದೊಂದಾಗಿ ಬಿಡಿಸಿಟ್ಟರು: ಕೈದಿಯನ್ನು ಕಾಡಿಗೆ ಕರೆದೊಯ್ದಾಗ ಜೊತೆಗಿದ್ದದ್ದು ಒಬ್ಬನೇ ಡೆಪ್ಯುಟಿ, ಹೆಚ್ಚಿನ ಬಲ ಕರೆಸಲಿಲ್ಲ. ಮರುನೇಮಕ ಬೇಡ ಎಂದು ಅಲ್ಲೇ ಠರಾವು, ಸಹಿ. ಕಾನೂನಿನ ಟಿಪ್ಪಣಿ ಬರೆದುಕೊಟ್ಟದ್ದು ಗಂಡ ಫರ್ಡಿನಂಡ್ ಬಾರ್ನೆಟ್, ವಕೀಲರು. ಸ್ಪ್ರಿಂಗ್‌ಫೀಲ್ಡ್‌ನ ವಿಚಾರಣೆಯಲ್ಲಿ ಶೆರಿಫ್ ಪರ ವಕೀಲರು, ಪ್ರಭಾವಿಗಳು. ಎದುರಿಗೆ ವಾದಿಸಿದ್ದು ಐಡಾ. ಗವರ್ನರ್ ಡೆನೀನ್ ಮರುನೇಮಕ ಕೊಡಲಿಲ್ಲ.

ಒಬ್ಬ ಶೆರಿಫ್‌ನನ್ನು ಇಳಿಸಿದ ಹೆಂಗಸಿಗೆ 1913ರ ಕಾಯಿದೆ ಬಂದ ಮೇಲೂ ಶೆರಿಫ್ ಆಯ್ಕೆಯಲ್ಲಿ ವೋಟಿರಲಿಲ್ಲ.

ಸೌತ್‌ಸೈಡ್ ಕನ್ನಡಿಗ

ಸರಿ, ವಾರ್ಡಿಗೆ ಬರೋಣ. ಆಲ್ಡರ್‌ಮನ್‌ಗೆ ‘ಕಾರ್ಪೊರೇಟರ್’ ಹಾಕಿ, ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ಅರ್ಥ ಆಗುತ್ತೆ. ‘ನಗರಪಿತೃ’ ಗಿತೃ ಬೇಡ.

ಆಗ ಷಿಕಾಗೊದಲ್ಲಿ 35 ವಾರ್ಡು, ವಾರ್ಡಿಗೆ ಇಬ್ಬರಂತೆ 70 ಕಾರ್ಪೊರೇಟರು. ಅವಧಿ ಎರಡು ವರ್ಷ, ಆದರೆ ಇಬ್ಬರೂ ಒಂದೇ ಸಲ ಚುನಾವಣೆಗೆ ಬರಲ್ಲ. ಈ ವರ್ಷ ಒಬ್ಬ, ಬರೋ ವರ್ಷ ಇನ್ನೊಬ್ಬ. ಅಂದ್ರೆ ಪ್ರತಿ ವರ್ಷವೂ ಫೆಬ್ರವರಿಯಲ್ಲಿ ಅಭ್ಯರ್ಥಿಯನ್ನು ಆರಿಸೋ ಪಕ್ಷದೊಳಗಿನ ಚುನಾವಣೆ, ಅಂದ್ರೆ ಪ್ರೈಮರಿ, ಏಪ್ರಿಲ್‌ನಲ್ಲಿ ಚುನಾವಣೆ. ಸೋತರೆ ಇನ್ನೊಂದು ಪರೀಕ್ಷೆ ಹನ್ನೆರಡೇ ತಿಂಗಳಿಗೆ. ಐಡಾ ಅವರ ಯೋಜನೆ ಪೂರ್ತಿ ನಿಂತಿರೋದು ಈ ಕ್ಯಾಲೆಂಡರಿನ ಮೇಲೆ.

ಕ್ಲಬ್ಬು ಇದ್ದದ್ದು ಎರಡನೇ ವಾರ್ಡು, ಊರಿನ ದಕ್ಷಿಣ ಭಾಗ. 1910ರ ಜನಗಣತಿಯಲ್ಲಿ ಇಡೀ ಷಿಕಾಗೊದಲ್ಲಿ ಕಪ್ಪು ಜನ 44,103, ನೂರಕ್ಕೆ ಎರಡು. ನಗರದ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಬಾಡಿಗೆಗೆ ಬೇರೆ ಕಡೆ ಮನೆ ಕೊಡ್ತಿರಲಿಲ್ಲವಾದ್ದರಿಂದ ಅವರೆಲ್ಲ ಸ್ಟೇಟ್ ಸ್ಟ್ರೀಟಿನ ಆಚೀಚೆ ಒತ್ತಾಗಿ ತುಂಬಿಕೊಂಡಿದ್ದರು. ಎರಡನೇ ವಾರ್ಡಿನಲ್ಲಿ ಬಹುಮತ ಇಲ್ಲದಿದ್ದರೂ ರಿಪಬ್ಲಿಕನ್ ಪ್ರೈಮರಿಯಲ್ಲಿ ತಕ್ಕಡಿ ವಾಲಿಸುವಷ್ಟು ಜನ ಇದ್ದರು. ಆದರೂ ಆವರೆಗೆ ಒಬ್ಬ ಕಪ್ಪು ಕಾರ್ಪೊರೇಟರೂ ಆಗಿರಲಿಲ್ಲ.

ಕೆಲಸ ನಡೆದ ರೀತಿ:

ಸಭೆ ಪ್ರತಿ ವಾರ, ಸ್ಟೇಟ್ ಸ್ಟ್ರೀಟಿನಲ್ಲಿ ಐಡಾ ನಡೆಸ್ತಿದ್ದ ನೀಗ್ರೋ ಫೆಲೋಶಿಪ್ ಲೀಗ್‌ನ ಓದುವ ಕೋಣೆಯಲ್ಲಿ. ಹಾಗಾಗಿ ಕ್ಲಬ್ಬಿಗೆ ಬೇರೆ ಬಾಡಿಗೆ ಇಲ್ಲ. ವಾರ್ಡನ್ನು ಬೀದಿಬೀದಿಯಾಗಿ ಹಂಚಿಕೊಂಡರು. ಒಬ್ಬೊಬ್ಬ ಸದಸ್ಯೆಗೆ ಇಷ್ಟು ಮನೆ. ಆಕೆ ಬಾಗಿಲು ತಟ್ಟಿ ಯಾರ ಹೆಸರು ಪಟ್ಟಿಯಲ್ಲಿದೆ, ಯಾರದ್ದಿಲ್ಲ ಅಂತ ತಿಳ್ಕೊಂಡು ಮುಂದಿನ ಸಭೆಯಲ್ಲಿ ವರದಿ ಒಪ್ಪಿಸಬೇಕು. ಹೆಸರು ಸೇರಿಸೋದಕ್ಕೆ ಗೊತ್ತಾದ ದಿನ ಮಾತ್ರ ಅವಕಾಶ, ಖುದ್ದಾಗಿ ಹೋಗಬೇಕು. ಆ ದಿನ ತಪ್ಪಿದರೆ ವೋಟೂ ಇಲ್ಲ. ಆದ್ದರಿಂದ ಭಾಷಣದ ಕೆಲಸಕ್ಕಿಂತ ನೆನಪಿಸೋ ಕೆಲಸ ದೊಡ್ಡದು, ಅದೂ ಷಿಕಾಗೊದ ಜನವರಿಯಲ್ಲಿ.

ಮೊದಲ ಸುತ್ತು ಹೋದವರು ಮುಖ ಸಣ್ಣ ಮಾಡ್ಕೊಂಡು ಬಂದರು. ಬೀದಿಯಲ್ಲಿ ಗಂಡಸರು, ಅವರದೇ ಸಮುದಾಯದವರು, ಗೇಲಿ ಮಾಡಿದ್ದರು: ಮನೆಗೆ ಹೋಗಿ ಮಕ್ಕಳನ್ನ ನೋಡ್ಕೊಳ್ಳಿ, ಪ್ಯಾಂಟು ಹಾಕ್ಕೊಳ್ಳೋ ಆಸೆಯಾ ಅಂತ. ನಾವಿನ್ನು ಹೋಗಲ್ಲ ಅಂದರು ಕೆಲವರು. ಐಡಾ ವಾದ ಮಾಡಿ ಅಂತ ಹೇಳಲಿಲ್ಲ. ನಾಳೆ ಅದೇ ಬೀದಿಗೆ ಹೋಗಿ, ‘ನಮ್ಮವನೊಬ್ಬನನ್ನ ಸಿಟಿ ಕೌನ್ಸಿಲಿಗೆ ಕಳಿಸೋದಕ್ಕೆ ಹೆಸರು ಬರೆಸ್ತಿದ್ದೀವಿ’ ಅಂತ ಹೇಳಿ ಅಂದರು. ಹೆಂಗಸಿನ ಹಕ್ಕು ಅಂದಾಗ ನಕ್ಕ ಗಂಡಸರು ಈ ಮಾತಿಗೆ ನಗಲಿಲ್ಲ.

ಜೊತೆಗೆ 1914ರಿಂದ ‘ಆಲ್ಫಾ ಸಫ್ರೇಜ್ ರೆಕಾರ್ಡ್’ ಅಂತ ಸಣ್ಣ ಪತ್ರಿಕೆ. ಸದಸ್ಯೆಯರು 1916ರ ಹೊತ್ತಿಗೆ ಸುಮಾರು ಇನ್ನೂರು.

ಲೆಕ್ಕದಮೇಷ್ಟ್ರು

ಫಲಿತಾಂಶದ ಅಂಕಿ ನಾನು ಹಾಕ್ತೀನಿ.

1914ರ ಫೆಬ್ರವರಿ ಪ್ರೈಮರಿ. ಹಾಲಿ ಕಾರ್ಪೊರೇಟರ್ ಹ್ಯೂ ನಾರಿಸ್, ಪಕ್ಷದ ಸಂಘಟನೆಯ ಅಭ್ಯರ್ಥಿ. ಎದುರಿಗೆ ವಿಲಿಯಂ ಕೋವನ್, ಕಪ್ಪು ಸಮುದಾಯದವರು, ಸಂಘಟನೆಯ ಬೆಂಬಲ ಇಲ್ಲ. ಕೋವನ್ ಸೋತದ್ದು 167 ವೋಟಿನಿಂದ.

ಈ 167 ಲೇಖನದಲ್ಲಿ ಬರಲೇಬೇಕು. ಸೋಲು ಅಂತ ದಾಟಿ ಹೋಗ್ತಾರೆ, ಆದರೆ ಪಕ್ಷದ ಯಜಮಾನರು ಅದನ್ನ ಹಾಗೆ ಓದಲಿಲ್ಲ. ಹೆಂಗಸರಿಗೆ ವೋಟು ಬಂದು ಇನ್ನೂ ಎಂಟು ತಿಂಗಳು. ಇದು ಮೊದಲ ಪ್ರಯತ್ನ. ಮುಂದಿನ ಫೆಬ್ರವರಿಗೆ 167 ಹೆಸರು ಸೇರಿಸೋದು ಒಂದೆರಡು ಬೀದಿಯ ಕೆಲಸ. ಸಂಘಟನೆಯವರು ಕ್ಲಬ್ಬಿನ ಸಭೆಗೇ ಬಂದರು. ಬಂದವರಲ್ಲಿ ಆಸ್ಕರ್ ಡಿ ಪ್ರೀಸ್ಟ್ ಕೂಡ ಇದ್ದರು. ಈ ಸಲ ಪಕ್ಷೇತರನನ್ನ ನಿಲ್ಲಿಸಿ ವೋಟು ಒಡೆಯಬೇಡಿ, ಮುಂದೆ ಸೀಟು ಖಾಲಿಯಾದಾಗ ನಿಮ್ಮವರಿಗೇ ಕೊಡ್ತೀವಿ ಅಂತ ಮಾತು ಕೊಟ್ಟರು. ವಾರ್ಡಿನ ಇನ್ನೊಂದು ಸೀಟಿನ ಜಾರ್ಜ್ ಹಾರ್ಡಿಂಗ್ ರಾಜ್ಯ ಸೆನೆಟ್‌ಗೆ ಹೋದ ಮೇಲೆ ಜಾಗ ತೆರವಾಯ್ತು. 1915ರ ಏಪ್ರಿಲ್‌ನಲ್ಲಿ ಡಿ ಪ್ರೀಸ್ಟ್ ಗೆದ್ದರು, ಷಿಕಾಗೊದ ಮೊದಲ ಕಪ್ಪು ಕಾರ್ಪೊರೇಟರ್. ಪ್ರೈಮರಿಯಲ್ಲಿ ಅವರಿಗೆ ಬಿದ್ದ ವೋಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಹೆಂಗಸರದ್ದು. ವಕೀಲರು ಹೇಳಿದ ಬೇರೆ ಪೆಟ್ಟಿಗೆ ಇಲ್ಲದಿದ್ದರೆ ಈ ಲೆಕ್ಕ ಸಿಗ್ತಿರಲಿಲ್ಲ.

ಒಂದು ಎಚ್ಚರಿಕೆ. ‘ಐಡಾ ಡಿ ಪ್ರೀಸ್ಟರನ್ನು ಗೆಲ್ಲಿಸಿದರು’ ಅಂತ ಬರೆದರೆ ಅತಿಯಾಯ್ತು. ಸಂಘಟನೆಯ ಹಣ, ಜನ, ಅಭ್ಯರ್ಥಿಯ ಸ್ವಂತ ಬಲ ಎಲ್ಲ ಇತ್ತು. ಕ್ಲಬ್ಬು ಮಾಡಿದ್ದು ಅದಕ್ಕಿಂತ ಮುಂಚಿನ ಕೆಲಸ: ಆ ಸೀಟಿಗೆ ಕಪ್ಪು ಅಭ್ಯರ್ಥಿಯನ್ನ ನಿಲ್ಲಿಸದೆ ಪಕ್ಷಕ್ಕೆ ಬೇರೆ ದಾರಿ ಇಲ್ಲದ ಹಾಗೆ ಮಾಡಿದ್ದು.

ಸೌತ್‌ಸೈಡ್ ಕನ್ನಡಿಗ

ಒಪ್ಪಿದೆ. ಆ ಡಿ ಪ್ರೀಸ್ಟ್ ಕೂಡ ಸಂತ ಏನಲ್ಲ. 1917ರಲ್ಲಿ ಜೂಜುಕೋರರಿಂದ ಲಂಚದ ಆರೋಪ, ಕೋರ್ಟಿನಲ್ಲಿ ಹೆಸರಾಂತ ವಕೀಲ ಕ್ಲಾರೆನ್ಸ್ ಡ್ಯಾರೋ ವಾದಿಸಿ ಬಿಡಿಸಿದರು. 1928ರಲ್ಲಿ ಅಮೆರಿಕದ ಸಂಸತ್ತಿಗೇ ಆರಿಸಿ ಹೋದರು.

ಕೊಡಿಯಾಲ್‌ಬೈಲ್

ಮೇಷ್ಟ್ರು ಹೇಳಿದ್ದರಲ್ಲಿ ಒಂದು ಸೇರಿಸಬೇಕು ಅಂತ ಕಾಣ್ತದೆ. ಎಣಿಸಿ ಹೊಡೆಯುವುದು ಆಕೆಗೆ 1914ರಲ್ಲಿ ಬಂದ ಬುದ್ಧಿ ಅಲ್ಲ.

1892ರ ಮಾರ್ಚಿನಲ್ಲಿ ಮೆಂಫಿಸ್‌ನಲ್ಲಿ ಪೀಪಲ್ಸ್ ಗ್ರೋಸರಿ ಅಂಗಡಿಯ ಮೂವರನ್ನು ಜೈಲಿನಿಂದ ಎಳೆದು ಕೊಂದರು. ಅವರಲ್ಲಿ ಒಬ್ಬ, ಥಾಮಸ್ ಮಾಸ್, ಐಡಾ ಅವರ ಆಪ್ತ ಗೆಳೆಯ. ಐಡಾ ತಮ್ಮ ‘ಫ್ರೀ ಸ್ಪೀಚ್’ ಪತ್ರಿಕೆಯಲ್ಲಿ ಊರು ಬಿಡಿ ಅಂತ ಬರೆದರು, ಟ್ರಾಮ್ ಹತ್ತಬೇಡಿ ಅಂದರು. ಆರು ವಾರ ಕಳೆಯುವಷ್ಟರಲ್ಲಿ ಟ್ರಾಮ್ ಕಂಪನಿಯ ಸೂಪರಿಂಟೆಂಡೆಂಟ್, ಖಜಾಂಚಿ ಇಬ್ಬರೂ ಪತ್ರಿಕೆಯ ಆಫೀಸಿನ ಬಾಗಿಲಿಗೆ ಬಂದರು, ನಿಮ್ಮ ಜನ ಯಾಕೆ ಹತ್ತುವುದಿಲ್ಲ ಅಂತ ಕೇಳಲಿಕ್ಕೆ. ಮೇ ತಿಂಗಳಲ್ಲಿ ಅಚ್ಚುಕೂಟವನ್ನೇ ಪುಡಿ ಮಾಡಿದರು.

ಆಮೇಲೆ ಆಕೆ ಬರೆದ 1895ರ ಪುಸ್ತಿಕೆ ‘ಎ ರೆಡ್ ರೆಕಾರ್ಡ್’. ಅದರಲ್ಲಿ ಗುಂಪುಕೊಲೆಗಳ ಪಟ್ಟಿಯನ್ನು ಎಲ್ಲಿಂದ ತೆಗೆದರು ಗೊತ್ತುಂಟಾ? ಬಿಳಿಯರದ್ದೇ ಪತ್ರಿಕೆ ಷಿಕಾಗೊ ಟ್ರಿಬ್ಯೂನ್ ಪ್ರಕಟಿಸಿದ ಲೆಕ್ಕದಿಂದ. ಕಪ್ಪು ಪತ್ರಿಕೆಯ ಅಂಕಿ ಹಾಕಿದ್ದರೆ ಉತ್ಪ್ರೇಕ್ಷೆ ಅಂತ ತಳ್ಳಿಹಾಕ್ತಿದ್ದರು. ಹೆಸರು, ಊರು, ತಾರೀಕು, ಹೊರಿಸಿದ ಆರೋಪ ಹೀಗೆ ವಿಂಗಡಿಸಿದಾಗ, ಅತ್ಯಾಚಾರಕ್ಕೆ ಶಿಕ್ಷೆ ಅನ್ನುವ ನೆಪ ಅರ್ಧಕ್ಕಿಂತ ಕಡಿಮೆ ಕೊಲೆಗಳಲ್ಲಿ ಮಾತ್ರ ಇತ್ತು ಅಂತ ಎದುರಾಳಿಯ ಲೆಕ್ಕವೇ ಹೇಳಿತು.

ನಿಮ್ಮ ನಾಲ್ಕು ಪುಟಕ್ಕೆ ಬೆನ್ನೆಲುಬು ಇದೇ ಆಗಬಹುದು: ಟ್ರಾಮಿನ ಗಲ್ಲಾಪೆಟ್ಟಿಗೆ, ಕೊಲೆಗಳ ಪಟ್ಟಿ, ವಾರ್ಡಿನ 167.

ಧಾರವಾಡಪೇಡೆ

ಅಪ್ಪನ ಕಥಿ ಬಿಡಬ್ಯಾಡ್ರಿ ಮತ್ತ. ಐಡಾ ಹುಟ್ಟಿದ್ದು 1862 ಜುಲೈ 16, ಮಿಸಿಸಿಪ್ಪಿಯ ಹಾಲಿ ಸ್ಪ್ರಿಂಗ್ಸ್ ಊರಾಗ, ಗುಲಾಮರ ಮಗಳಾಗಿ. ಅಪ್ಪ ಜಿಮ್ ವೆಲ್ಸ್ ಬಡಿಗ್ಯಾ. ಬಿಡುಗಡಿ ಆದ ಮ್ಯಾಲೂ ಹಳೇ ಧಣಿ ಬೋಲಿಂಗ್ ಕಡೆನೇ ಕೆಲಸ. ಚುನಾವಣಿಯೊಳಗ ಧಣಿ ಹೇಳಿದ ಪಕ್ಷಕ್ಕ ವೋಟು ಹಾಕಲಿಲ್ಲ. ತಿರುಗಿ ಬಂದು ನೋಡಿದ್ರ ಅಂಗಡಿಗೆ ಕೀಲಿ. ಜಿಮ್ ಯಾರಿಗೂ ಒಂದ ಮಾತು ಆಡಲಿಲ್ಲ. ಪ್ಯಾಟಿಗೆ ಹೋಗಿ ಹೊಸ ಉಳಿ, ಗರಗಸ, ಕೊಡತಿ ಎಲ್ಲಾ ಕೊಂಡು, ಬ್ಯಾರೆ ಮನಿ ಬಾಡಿಗಿ ಹಿಡದು, ಸ್ವಂತ ಧಂದೆ ಶುರು ಮಾಡಿದ. ವೋಟಿಗೆ ಏನು ಬೆಲಿ ತೆರಬೇಕಾಗ್ತದ ಅನ್ನೂದು ಆ ಮನ್ಯಾಗ ಹೊಸಾದಲ್ಲ. 1878ರ ಹಳದಿ ಜ್ವರದಾಗ ಅಪ್ಪ, ಅವ್ವ, ಒಬ್ಬ ತಮ್ಮ ಹೋದ್ರು. ಹದಿನಾರರ ಹುಡುಗಿ ಉಳಿದ ಮಕ್ಕಳನ್ನ ಸಾಕಲಿಕ್ಕೆ ಮಾಸ್ತರಿಕಿ ಹಿಡದಳು.

ಪುಟತಿದ್ದು

ಕೀಲಿ ಹಾಕಿದ ಅಂಗಡಿಯಿಂದಲೇ ಲೇಖನ ಶುರು ಮಾಡ್ತೀನಿ. ಟ್ರೌಟ್ ಅವರನ್ನ ಏನು ಮಾಡೋದು? ಕರಡಿನಲ್ಲಿ ಆಕೆ ಖಳನಾಯಕಿ.

ಹಳೇ ವಕೀಲ

ಅಷ್ಟು ಸುಲಭವಿಲ್ಲ. ಐಡಾ ವಾರ್ಡಿನಲ್ಲಿ ಬಳಸಿದ ವೋಟು ಬಂದದ್ದು ಅದೇ ಟ್ರೌಟ್ ನಡೆಸಿದ ಲಾಬಿಯಿಂದ. ಅದರ ಕ್ರಮ ನೋಡಿ. ಪ್ರತಿಯೊಬ್ಬ ಶಾಸಕನ ಮೇಲೂ ಒಂದೊಂದು ಕಾರ್ಡು: ಪಕ್ಷ ಯಾವುದು, ಯಾರ ಮಾತು ಕೇಳುತ್ತಾನೆ, ಈ ಹಿಂದೆ ಹೇಗೆ ವೋಟು ಹಾಕಿದ. ಸ್ಪೀಕರ್ ಮಸೂದೆಯನ್ನು ಮುಂದಕ್ಕೆ ತರಲು ಹಿಂದೇಟು ಹಾಕಿದಾಗ ಷಿಕಾಗೊದಲ್ಲಿ ಅವರು ಹೋದ ಕಡೆಯೆಲ್ಲ ಹದಿನೈದು ನಿಮಿಷಕ್ಕೊಂದು ಟೆಲಿಫೋನ್ ಕರೆ, ಮನೆಗೂ ಕಚೇರಿಗೂ. 1913 ಜೂನ್ 11, ಮತದಾನದ ದಿನ, ಬೆಂಬಲಿಗ ಶಾಸಕರು ಎದ್ದು ಹೋಗದಂತೆ ಟ್ರೌಟ್ ಸ್ವತಃ ಸದನದ ಬಾಗಿಲಲ್ಲಿ ಕಾವಲು. ಬಂದಿರದವರನ್ನು ಕರೆತರಲು ಬೇರೆ ಹೆಂಗಸರು. 83ಕ್ಕೆ 58ರಲ್ಲಿ ಪಾಸಾಯಿತು.

ಮಾರ್ಚಿನಲ್ಲಿ ಐಡಾ ಅವರನ್ನು ಸಾಲಿನಿಂದ ಹೊರಗಿಡಲು ಹೋದ ಕೈ, ಜೂನಿನಲ್ಲಿ ಆಕೆಗೂ ವೋಟು ತಂದುಕೊಟ್ಟಿತು. ಎರಡನ್ನೂ ಬರೆಯಿರಿ, ತೂಗಿ ನೋಡುವುದನ್ನು ಓದುಗರಿಗೆ ಬಿಡಿ.

ಧಾರವಾಡಪೇಡೆ

ವಕೀಲರೇ, ಅದು ಪೂರ್ತಿ ಒಪ್ಪೂದಿಲ್ಲ ನಾ. ಬಾಗಿಲ ಕಾಯೂ ಚಾಣಾಕ್ಷತನ ಇದ್ದಾಕಿಗೆ ದಕ್ಷಿಣದವರನ್ನ ಎದುರ ಹಾಕ್ಕೊಳ್ಳೂ ಶಕ್ತಿ ಇರಲಿಲ್ಲ ಅಂದ್ರ ನಂಬಬೇಕೇನು? ಆಕಿ ಲೆಕ್ಕಾ ಹಾಕಿಯೇ ಮಾಡ್ಯಾಳ. ದಕ್ಷಿಣದ ಬಿಳಿ ಹೆಣ್ಮಕ್ಕಳು ಹೋದ್ರ ನಷ್ಟ, ಐಡಾ ಹೋದ್ರ ನಷ್ಟಿಲ್ಲ ಅಂತ. ಆ ಲೆಕ್ಕಾ ತಪ್ಪಿತ್ತು.

ಲೆಕ್ಕದಮೇಷ್ಟ್ರು

ಕ್ಲಬ್ಬಿನ ಕಡೆಯ ತಪ್ಪುಗಳನ್ನೂ ಬರೀಬೇಕು, ಇಲ್ಲದಿದ್ದರೆ ಅಭಿನಂದನ ಗ್ರಂಥ ಆಗುತ್ತೆ.

ಮುಖ್ಯವಾದದ್ದು 1915ರ ಮೇಯರ್ ಚುನಾವಣೆ. ಐಡಾ ಮೊದಲು ವಿಲಿಯಂ ಥಾಂಪ್ಸನ್ ಪರ ಮಾತು ಕೊಟ್ಟು ಸದಸ್ಯೆಯರಿಂದಲೂ ಕೊಡಿಸಿದ್ದರು. ಅಷ್ಟರಲ್ಲಿ ನ್ಯಾಯಾಧೀಶ ಹ್ಯಾರಿ ಓಲ್ಸನ್ ಕಣಕ್ಕೆ ಇಳಿದರು. 1913ರಿಂದ ಐಡಾ ಅವರಿಗೆ ಪ್ರೊಬೇಷನ್ ಅಧಿಕಾರಿಯ ಕೆಲಸ ಇದ್ದದ್ದು ಓಲ್ಸನ್ ಕೋರ್ಟಿನಲ್ಲೇ, ತಿಂಗಳಿಗೆ 150 ಡಾಲರ್ ಸಂಬಳ. ಆ ಸಂಬಳದಿಂದಲೇ ಲೀಗ್‌ನ ಓದುವ ಕೋಣೆ ನಡೀತಿತ್ತು. ಐಡಾ ಓಲ್ಸನ್ ಕಡೆ ಹೋದರು. ಗೆದ್ದದ್ದು ಥಾಂಪ್ಸನ್. ಕೆಲಸ ಹೋಯ್ತು, ಲೀಗ್‌ಗೆ ಆದಾಯ ನಿಂತಿತು, 1920ಕ್ಕೆ ಲೀಗ್ ಮುಚ್ಚಿತು.

ದೋಷ ಎಲ್ಲಿ ಅಂದ್ರೆ, ಕ್ಲಬ್ಬಿನ ಜಾಗ, ಲೀಗ್‌ನ ಖರ್ಚು, ಐಡಾ ಸಂಬಳ ಮೂರೂ ಒಂದೇ ದಾರಕ್ಕೆ ಪೋಣಿಸಿದ್ದವು, ಆ ದಾರದ ತುದಿ ರಾಜಕಾರಣಿಯ ಕೈಯಲ್ಲಿತ್ತು. ಚಂದಾ ಮೇಲೆ ನಿಂತ ಸಮಾಜಕ್ಕೆ ಬೆಳವಣಿಗೆ ನಿಧಾನ, ಆದರೆ ಒಬ್ಬ ಮೇಯರ್ ಬದಲಾದರೆ ಬೀಳಲ್ಲ.

1930ರಲ್ಲಿ ಐಡಾ ತಾವೇ ರಾಜ್ಯ ಸೆನೆಟ್‌ಗೆ ನಿಂತರು. ಹೀನಾಯವಾಗಿ ಸೋತರು. ಅಷ್ಟು ಹೊತ್ತಿಗೆ ಪಕ್ಷದ ಸಂಘಟನೆ ಅದೇ ಬೀದಿಗಳಲ್ಲಿ ಸಂಬಳದ ಆಳುಗಳನ್ನಿಟ್ಟು ಆಲ್ಫಾ ಮಾಡಿದ ಕೆಲಸವನ್ನೇ ಮಾಡ್ತಿತ್ತು. ಮರುವರ್ಷ ಮಾರ್ಚ್ 25ಕ್ಕೆ ತೀರಿಕೊಂಡರು.

ಪುಟತಿದ್ದು

ಕರ್ನಾಟಕದ ಸಂಬಂಧ ಏನಾದರೂ ಇದೆಯಾ? ಸುಮ್ಮನೆ ಎಳೆದು ತರೋದು ಬೇಡ.

ಕೊಡಿಯಾಲ್‌ಬೈಲ್

ನೇರ ಸಂಬಂಧ ಇಲ್ಲ. ಹೋಲಿಕೆ ಎರಡು ಉಂಟು, ಬೇಕಾದರೆ ಬಾಕ್ಸ್ ಮಾಡಿ ಹಾಕಿ.

ಒಂದು, ವೋಟು ಬಂದ ದಾರಿ. 1919ರ ಭಾರತ ಸರ್ಕಾರ ಕಾಯಿದೆ ಹೆಂಗಸರಿಗೆ ವೋಟು ಕೊಡಲಿಲ್ಲ, ಪ್ರಾಂತಗಳ ಕೌನ್ಸಿಲು ಬೇಕಾದರೆ ನಿರ್ಣಯ ಮಾಡಿ ಕೊಡಲಿ ಅಂತ ಬಿಟ್ಟಿತು. ಇಲಿನಾಯ್‌ನ ಹಾಗೆಯೇ ದೊಡ್ಡ ಬಾಗಿಲು ಮುಚ್ಚಿ ಕಿಟಕಿ ತೆರೆದಿಟ್ಟದ್ದು. 1921ರಲ್ಲಿ ಮದ್ರಾಸು ಕೊಟ್ಟಿತು, ಮಂಗಳೂರು ಅದರೊಳಗೆ. ಬೊಂಬಾಯಿ ಅದೇ ವರ್ಷ, ಧಾರವಾಡ ಅದರೊಳಗೆ. ಮೈಸೂರು ಸಂಸ್ಥಾನ ಅದಾದ ಮೇಲೆ. ಆದರೆ ಆಸ್ತಿ, ತೆರಿಗೆಯ ಅರ್ಹತೆ ಇತ್ತು. ತನ್ನ ಹೆಸರಲ್ಲಿ ಆಸ್ತಿ ಇಲ್ಲದವಳಿಗೆ ವೋಟಿಲ್ಲ. ಷಿಕಾಗೊದ ಎರಡನೇ ವಾರ್ಡಿನಲ್ಲಿ ಬಟ್ಟೆ ಒಗೆಯುವವಳಿಗೂ ವೋಟಿತ್ತು. ಬಾಕ್ಸಿನಲ್ಲಿ ಇದನ್ನು ಹೇಳದಿದ್ದರೆ ಹೋಲಿಕೆ ಸುಳ್ಳಾಗ್ತದೆ.

ಎರಡು, ರೈಲು. 1883ರಲ್ಲಿ ಟೆನೆಸ್ಸಿಯಲ್ಲಿ ಹೆಂಗಸರ ಡಬ್ಬಿಯ ಟಿಕೆಟ್ ಹಿಡಿದು ಕೂತ ಐಡಾ ಅವರನ್ನು ಎಬ್ಬಿಸಲು ಕಂಡಕ್ಟರ್ ಬಂದ. ಆಕೆ ಎದುರಿನ ಸೀಟಿಗೆ ಕಾಲು ಒತ್ತಿ ಹಿಡಿದು ಅವನ ಕೈ ಕಚ್ಚಿದರು; ಎಳೆದು ಹಾಕಲಿಕ್ಕೆ ಇನ್ನೂ ಇಬ್ಬರು ಬೇಕಾಯಿತು. ಕೇಸು ಹಾಕಿ 1884ರಲ್ಲಿ 500 ಡಾಲರ್ ಗೆದ್ದರು, 1887ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ತಿರುವಿ ಹಾಕಿತು. ಇದಾಗಿ ಅರ್ಧ ಶತಮಾನದ ಮೇಲೆ, 1941ರಲ್ಲಿ, ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುತ್ತಿದ್ದ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಿಗೂ ಟಿಕೆಟ್ ಕಲೆಕ್ಟರ್ ಎದ್ದು ಹೋಗಿ ಅಂದ. ಅವರು ಭಾರತದವರು ಅಂತ ಗೊತ್ತಾದರೆ ಬಿಟ್ಟುಬಿಡ್ತಿದ್ದ. ಕಮಲಾದೇವಿ ಆ ಅನುಕೂಲ ತೆಗೆದುಕೊಳ್ಳಲಿಲ್ಲ. ನಾನು ಬಣ್ಣದ ಹೆಂಗಸೇ, ಏಳುವುದಿಲ್ಲ ಅಂದರು. 1926ರಲ್ಲಿ ಮದ್ರಾಸ್ ಕೌನ್ಸಿಲಿಗೆ ನಿಂತು ತೀರಾ ಕಡಿಮೆ ಅಂತರದಲ್ಲಿ ಸೋತವರೂ ಅವರೇ.

ಪುಟತಿದ್ದು

ಬಾಕ್ಸ್ ಆಯ್ತು. ಹೆಸರು ‘ಐಡಾ ಬಿ. ವೆಲ್ಸ್’ ಅಂತಲೋ ‘ವೆಲ್ಸ್-ಬಾರ್ನೆಟ್’ ಅಂತಲೋ?

ಸೌತ್‌ಸೈಡ್ ಕನ್ನಡಿಗ

1895ರ ಜೂನಿನಲ್ಲಿ ಮದುವೆ. ಅಲ್ಲಿವರೆಗೆ ವೆಲ್ಸ್, ಆಮೇಲೆ ವೆಲ್ಸ್-ಬಾರ್ನೆಟ್. ಆಕೆ ಗಂಡನ ಹೆಸರನ್ನ ಸೇರಿಸಿಕೊಂಡರೇ ಹೊರತು ತಮ್ಮದನ್ನ ಬಿಡಲಿಲ್ಲ. ಶೀರ್ಷಿಕೆಯಲ್ಲಿ ವೆಲ್ಸ್ ಸಾಕು. ಷಿಕಾಗೊದಲ್ಲಿ ಕಾಂಗ್ರೆಸ್ ಪಾರ್ಕ್‌ವೇಗೆ 2019ರಲ್ಲಿ ಇಟ್ಟ ಹೆಸರೂ ಐಡಾ ಬಿ. ವೆಲ್ಸ್ ಡ್ರೈವ್.

ಹಳೇ ವಕೀಲ

ಉಲ್ಲೇಖ ತೆಗೆಯುವಾಗ ಒಂದು ಗಮನವಿರಲಿ. ವಾರ್ಡಿನ ಗೇಲಿ, ಮೆರವಣಿಗೆ, ಕೈರೋ, ಇವೆಲ್ಲದರ ವಿವರ ಹೆಚ್ಚಾಗಿ ಬರುವುದು ಆಕೆಯ ಆತ್ಮಕಥೆಯಿಂದ. ಬರೆಯಲು ಹಿಡಿದದ್ದು 1928ರಲ್ಲಿ. ಸತ್ತಾಗ ಮುಗಿದಿರಲಿಲ್ಲ, ಕೊನೆಯ ಪದವೇ ಅರ್ಧಕ್ಕೆ ನಿಂತಿದೆ. ಮಗಳು ಆಲ್ಫ್ರೆಡಾ ಡಸ್ಟರ್ ಸಂಪಾದಿಸಿ 1970ರಲ್ಲಿ ಪ್ರಕಟಿಸಿದರು. ಹದಿನೈದು ವರ್ಷದ ಮೇಲೆ ನೆನಪಿನಿಂದ ಬರೆದ ಸಂಭಾಷಣೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬೇಡಿ, ‘ಎಂದರಂತೆ’ ಎನ್ನಿ. ವೋಟಿನ ಅಂಕಿಗೆ ಮಾತ್ರ ಆ ಕಾಲದ ಚುನಾವಣಾ ದಾಖಲೆ ಇದೆ, ಅಲ್ಲಿ ‘ಅಂತೆ’ ಬೇಕಿಲ್ಲ.

ಪುಟತಿದ್ದು

ಸರಿ. ‘ಜಾಗೃತಿ ಮೂಡಿಸಿದರು’ ಹೋಯ್ತು. ಆ ಜಾಗದಲ್ಲಿ ಈಗ ಇರೋದು: ‘ಎರಡನೇ ವಾರ್ಡನ್ನು ಬೀದಿಬೀದಿಯಾಗಿ ಹಂಚಿಕೊಂಡು ಹೆಂಗಸರ ಹೆಸರು ಬರೆಸಿದರು, 1914ರಲ್ಲಿ ಇವರ ಅಭ್ಯರ್ಥಿ 167 ವೋಟಿನಿಂದ ಸೋತಾಗ ಪಕ್ಷದವರು ಇವರ ಬಾಗಿಲಿಗೆ ಬಂದರು.’ ಮೆರವಣಿಗೆ ಅರ್ಧ ಪುಟಕ್ಕೆ ಇಳಿದಿದೆ.

ಧಾರವಾಡಪೇಡೆ

‘ಇವರ ಅಭ್ಯರ್ಥಿ’ ಅನ್ನೂ ಕಡೆ ಕೋವನ್ ಹೆಸರು ಹಾಕ್ರಿ. ಪಾಪ, ಸೋತವ್ರ ಹೆಸರು ಯಾರೂ ಹಾಕೂದಿಲ್ಲ.